ದುಭಾಷಿ ಬಂಡೆ

ಬಳ್ಳಾರಿ ಸೀಮೆಯ ಬೂದನದಿನ್ನಿಗೆ ಬಂದವರು ಗುಡ್ಡ ಹತ್ತದೆ ವಾಪಸು ಹೋಗುವುದಿಲ್ಲ. ಗುಡ್ಡದ ಹೆಗಲ ಮೇಲೆ ಊರು, ಕೆಳಗೆ ಕಣ್ಣು ಹಾಯುವಷ್ಟು ದೂರ ಕೆರೆಯ ನೀರು, ನೆತ್ತಿಯ ಮೇಲೆ ಆ ಬಂಡೆ. ಒಂದು ಮನೆಯಷ್ಟು ದೊಡ್ಡ ಕಲ್ಲು, ಎರಡು ಸಣ್ಣ ಕಲ್ಲುಗಳ ಅಂಚಿನ ಮೇಲೆ ಹೇಗೋ ಕೂತಿದೆ. ಅದರ ಅಡಿಯಲ್ಲಿ ಇಬ್ಬರು ತಲೆ ಬಗ್ಗಿಸಿ ಕೂರುವಷ್ಟು ಜಾಗ. ಮೊದಲ ಸಲ ನೋಡಿದವರ ಬಾಯಲ್ಲಿ ‘ಅಯ್ಯಯ್ಯೋ, ಬಿತ್ತು!’ ಎಂಬ ಮಾತು ಬಾರದೆ ಇರದು. ಸರ್ಕಾರದವರು ಹಾಕಿದ ಹಲಗೆಯ ಮೇಲೆ ತೂಗುಬಂಡೆ ಎಂದು ಬರೆದಿದೆ. ಊರವರು ಆ ಹಲಗೆಗೆ ಎಮ್ಮೆ ಕಟ್ಟುತ್ತಾರೆ. ಅವರ ಪಾಲಿಗೆ ಅದು ದುಭಾಷಿ ಬಂಡೆ. ವಿಲಾಯತಿಯ ದೊಡ್ಡ ದೊರೆಯೊಬ್ಬ ಅಲ್ಲಿ ಕೂತಿದ್ದನಂತೆ, ಅವನ ಹೆಸರನ್ನೇ ಇಡಬಹುದಿತ್ತಲ್ಲ ಎಂದು ಕೇಳಿದರೆ ಮುದುಕರಿಗೆ ಸಿಟ್ಟೇ ಬರುತ್ತದೆ. ಕೂತವರು ಇಬ್ಬರು ನಿಜ, ಆದರೆ ಜೀವ ಕೈಯಲ್ಲಿ ಹಿಡಿದು ಕೂತವನು ಯಾರು ಎಂದು ಅವರು ತಿರುಗಿ ಕೇಳುತ್ತಾರೆ.

ಹಿಂದೆ ಒಮ್ಮೆ, ವಿಲಾಯತಿ ರಾಣಿಯ ಆಳ್ವಿಕೆಯ ಕಾಲದಲ್ಲಿ, ಊರು ಮೇಲಿರಲಿಲ್ಲ. ಕೆಳಗೆ ಹಳ್ಳದ ದಂಡೆಯಲ್ಲಿತ್ತು. ಆಗ ಊರಲ್ಲಿ ಒಂದು ಕಟ್ಟುಪಾಡು ಇತ್ತು. ಊರಿಗೆಲ್ಲ ಸೇರಿದ ಮಾತು ಕೊಡುವವನು ಯಾರೇ ಇರಲಿ, ಗೌಡನಾಗಲಿ ಶಾನುಭೋಗನಾಗಲಿ, ಈ ಬಂಡೆಯ ಅಡಿ ಕೂತು, ಊರ ಮುಂದೆ ಬಾಯಿಬಿಟ್ಟು ಹೇಳಬೇಕು. ಸುಳ್ಳಾಡಿದರೆ ಬಂಡೆ ಇಳಿಯುತ್ತದೆ ಎನ್ನುತ್ತಿದ್ದರು. ಇಳಿದದ್ದನ್ನು ಕಂಡವರಿಲ್ಲ, ಯಾಕೆಂದರೆ ಅಲ್ಲಿ ಕೂತು ಸುಳ್ಳಾಡುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಅದೇ ಕಾಲಕ್ಕೆ ಸರ್ಕಾರ ಹಳ್ಳಕ್ಕೆ ಅಡ್ಡವಾಗಿ ದೊಡ್ಡ ಕೆರೆ ಕಟ್ಟಲು ಹೊರಟು, ಊರ ಸುತ್ತ ಗುರುತಿನ ಗೂಟ ನೆಡಿಸಿತು. ಜನ ಹಗಲೇ ಗೂಟ ಕಿತ್ತು ಒಲೆಗೆ ಹಾಕಿದರು. ಅಧಿಕಾರಿಗಳು ಬೈದು ನೋಡಿದರು, ಹೆದರಿಸಿ ನೋಡಿದರು, ಏನೂ ನಡೆಯಲಿಲ್ಲ. ಆಗ ಅವರಿಗೆ ಕ್ರೇಗ್ ದೊರೆಯ ನೆನಪಾಯಿತು.

ಹೆಕ್ಟರ್ ಡನ್‌ಕ್ರೇಗ್ ಎಂಬುದು ಅವನ ಪೂರ್ತಿ ಹೆಸರು. ಸ್ಕಾಟ್ಲೆಂಡಿನವನು. ಅಲ್ಲಿಯ ಜನ ಆರಿಸಿ ಪಾರ್ಲಿಮೆಂಟಿಗೆ ಕಳಿಸಿದ ಸದಸ್ಯ. ನೀರಾವರಿ ನೋಡಲು ಬಂದ ಸಮಿತಿಯ ಜೊತೆ ಈ ಸೀಮೆಯಲ್ಲಿ ತಿರುಗುತ್ತಿದ್ದ. ಅವನು ಮಾತಿಗೆ ನಿಂತರೆ ಸಿಟ್ಟಾದವನೂ ಚಪ್ಪಾಳೆ ಹೊಡೆದು ಮನೆಗೆ ಹೋಗುತ್ತಾನೆ ಎಂದು ಹೆಸರಿತ್ತು. ಊರು ಮುಳುಗುವುದಿಲ್ಲ ಎಂದು ಒಂದು ಮಾತು ಹೇಳಿ ಸಮಾಧಾನ ಮಾಡಿ, ಕಟ್ಟೆ ಏರಿದ ಮೇಲೆ ಮುಂದಿನದು ನೋಡೋಣ ಎಂದು ಅಧಿಕಾರಿಗಳು ಅವನನ್ನು ಒಪ್ಪಿಸಿದರು. ಅವನ ಮಾತನ್ನು ಕನ್ನಡಕ್ಕೆ ತರಲು ಕಚೇರಿಯ ದುಭಾಷಿ ಗಾದಿಲಿಂಗಪ್ಪನನ್ನು ಗೊತ್ತುಮಾಡಿದರು.

ಬೂದನದಿನ್ನಿ ಗಾದಿಲಿಂಗಪ್ಪನ ಹೆಂಡತಿಯ ತವರು. ಅವನ ಮಾವ ದೊಡ್ಡನಗೌಡನೇ ಊರ ಗೌಡ. ಹೆಂಡತಿ ಈರಮ್ಮ ಎಂಟು ತಿಂಗಳ ಬಸುರಿ, ಬಾಣಂತನಕ್ಕೆಂದು ಬಂದು ಆ ಹಳ್ಳದ ದಂಡೆಯ ಮನೆಯಲ್ಲೇ ಇದ್ದಳು. ಊರು ಮುಳುಗಿಸುವ ಹುಕುಮಿಗೆ ಸಮಿತಿಯ ಪರವಾಗಿ ಕ್ರೇಗ್ ದೊರೆ ಸಹಿ ಹಾಕಿ ಆಗಲೇ ಹದಿನೈದು ದಿನವಾಗಿತ್ತು. ಆ ಹುಕುಮನ್ನು ಕನ್ನಡಕ್ಕೆ ತಿರುಗಿಸಿದ ಕೈ ಗಾದಿಲಿಂಗಪ್ಪನದೇ. ಕಚೇರಿಯ ಗುಟ್ಟು ಹೊರಗೆ ಬಿಟ್ಟರೆ ಜೈಲು ಎಂದು ಹೆದರಿ, ಕಟ್ಟಿಕೊಂಡವಳಿಗೂ ಹೇಳಿರಲಿಲ್ಲ. ಊರ ಕಟ್ಟುಪಾಡಿನಂತೆ ದೊರೆಯ ಮಾತೂ ಬಂಡೆಯ ಅಡಿಯೇ ಆಗಬೇಕಿತ್ತು. ಈಗ ಗುಡ್ಡ ಹತ್ತುತ್ತಾ ಅವನಿಗೆ ಒಂದೇ ಯೋಚನೆ. ‘ದೊರೆಗೇನು, ಆರಾಮಾಗಿ ಸುಳ್ಳಾಡುತ್ತಾನೆ. ಕಲ್ಲಿಗೆ ಇಂಗ್ಲೀಷ್ ಬರುವುದಿಲ್ಲ. ಸುಳ್ಳು ಕನ್ನಡವಾಗುವುದು ನನ್ನ ಬಾಯಲ್ಲಿ. ಬಂಡೆ ಇಳಿದರೆ ನನ್ನ ಮೇಲೇ ಇಳಿಯುತ್ತದೆ.’ ಎರಡು ಸಲ ಮುಗ್ಗರಿಸಿದ. ಬಿಸಿಲಿಗೆ ಹಾಗಾಗುತ್ತದೆ ಎಂದು ಪಾಪ ದೊರೆಯೇ ಕೈಹಿಡಿದು ಎಬ್ಬಿಸಿದನಂತೆ.

ನಡುಮಧ್ಯಾಹ್ನ. ಊರಿಗೆ ಊರೇ ಬಂಡೆಯ ಮುಂದೆ ಕೂತಿತ್ತು. ಗೂಟ ಕೀಳಲು ತಂದ ಹಾರೆಗಳು ಇನ್ನೂ ಗಂಡಸರ ಕೈಯಲ್ಲೇ ಇದ್ದವು. ಮುಂದಿನ ಸಾಲಿನಲ್ಲಿ ಈರಮ್ಮ. ದೊರೆ ಟೋಪಿ ತೆಗೆದು, ನಗುತ್ತಾ ಬಂಡೆಯ ಅಡಿ ತೂರಿ ಕೂತ. ಪಕ್ಕದಲ್ಲಿ ಗಾದಿಲಿಂಗಪ್ಪ ಮುದುರಿ ಕೂತ. ಕಾದ ಬಂಡೆ ಒಳಗೊಳಗೇ ಕಟಕ್ ಎಂದಿತು. ದೊರೆ ಇಂಪಾದ ದನಿಯಲ್ಲಿ, ನಿಮ್ಮ ಊರಿಗೆ ಯಾವ ಅಪಾಯವೂ ಇಲ್ಲ, ಇದು ನನ್ನ ಮಾತು ಎಂದ. ಗಾದಿಲಿಂಗಪ್ಪ ಬಾಯಿ ತೆರೆದ. ಕಣ್ಣು ಮೇಲಿನ ಕಲ್ಲಿಗೆ ಹೋಯಿತು.

“ಏನಂತಾರಪ್ಪಾ ದೊರಿ? ಯಾಕ ಸುಮ್ಮನ ಕುಂತಿ?” ಎಂದ ಮಾವ.

ಗಾದಿಲಿಂಗಪ್ಪ ದೊರೆಯ ಕಡೆ ತಿರುಗಿ, ಅಳುವ ದನಿಯಲ್ಲಿ ಇಂಗ್ಲೀಷಿನಲ್ಲೇ ಬೇಡಿಕೊಂಡ: “ಸ್ವಾಮಿ, ಈ ಕಲ್ಲಿನ ಕೆಳಗೆ ಈ ಮಾತು ನನ್ನಿಂದ ಆಗುವುದಿಲ್ಲ. ನಾನು ಸಾಯುತ್ತೇನೆ. ಬೇಕಾದರೆ ಜೈಲಿಗೆ ಹಾಕಿಸಿ.” ದೊರೆ ನಕ್ಕು, ಕಲ್ಲು ಗಟ್ಟಿಯಿದೆ, ಏನೂ ಆಗುವುದಿಲ್ಲ ಎಂದು ಅವನ ಬೆನ್ನು ತಟ್ಟಿದ. ತಟ್ಟಿದ ಕೈ ಅಲ್ಲೇ ನಿಂತುಹೋಯಿತು. ತಾನು ಆಡಿದ ಮಾತು ತನಗೇ ಕೇಳಿಸಿತೋ ಏನೋ ಎನ್ನುತ್ತಾರೆ. ಕೈ ಹಿಂದಕ್ಕೆ ತೆಗೆದು, ಈಗ ನಾನು ಹೇಳುವುದನ್ನು ಹೇಳು ಎಂದ.

ದುಭಾಷಿ ಹೇಳುತ್ತಾ ಹೋದ, ಜನ ಕೇಳುತ್ತಾ ಹೋದರು. ದೊರೆಯ ಅಪ್ಪ ಕಲ್ಲುಗಣಿಯ ಕೂಲಿ. ಒಂದು ದಿನ ಬಿರುಕು ಕಂಡು ಜನ ಒಳಗೆ ಹೋಗಲು ಹೆದರಿದಾಗ, ಮೇಸ್ತ್ರಿ ನಗುತ್ತಾ ಬೆನ್ನು ತಟ್ಟಿ, ಕಲ್ಲು ಗಟ್ಟಿಯಿದೆ, ಏನೂ ಆಗುವುದಿಲ್ಲ ಎಂದಿದ್ದ. ಮಧ್ಯಾಹ್ನದೊಳಗೆ ಅಪ್ಪ ಕಲ್ಲಿನಡಿ ಹೋದ. ಆ ಸಿಟ್ಟಿಗೇ ಮಗ ಗಣಿಯ ಬಾಗಿಲಲ್ಲಿ ಪೀಪಾಯಿ ಬೋರಲು ಹಾಕಿ ನಿಂತು ಭಾಷಣ ಕಲಿತ. ಎರಡು ಚುನಾವಣೆ ಸೋತ. ಮೂರನೆಯದರಲ್ಲಿ ಕೂಲಿಗಳು ಹೆಗಲ ಮೇಲೆ ಹೊತ್ತು ಗೆಲ್ಲಿಸಿದರು. ಪಾರ್ಲಿಮೆಂಟಿಗೆ ಹೋದ ಮೇಲೆ ದೊಡ್ಡವರ ಊಟ, ದೊಡ್ಡವರ ಸಂಗ. ಸಿಹಿ ಮಾತಿನಲ್ಲಿ ಕೆಲಸ ಸಾಗಿಸುವುದು ರೂಢಿಯಾಯಿತು. “ಇವತ್ತು ಆ ಮೇಸ್ತ್ರಿ ನಾನೇ ಆಗಿದ್ದೇನೆ. ಸಹಿ ಹಾಕಿದ್ದೇನೆ. ಬರುವ ವರ್ಷದ ಮಳೆಗಾಲಕ್ಕೆ ನಿಮ್ಮ ಮನೆಗಳ ಮೇಲೆ ನೀರು ಬರುತ್ತದೆ. ತಡೆಯಲು ನನ್ನಿಂದ ಆಗದು.”

ಇಷ್ಟು ಹೇಳಿ ಗಾದಿಲಿಂಗಪ್ಪ ಕಣ್ಣು ಮುಚ್ಚಿದ. ಹಾರೆಗಳು ನೆಲದಿಂದ ಏಳುವ ಸದ್ದು ಕೇಳಿಸಿತು. ಅಷ್ಟರಲ್ಲಿ ಅವನ ಕತ್ತಿನ ಮೇಲೆ ಮೇಲಿಂದ ಒಂದು ಚಿಟಿಕೆ ಮರಳು ಉದುರಿತು. ದೊರೆ ಹೇಳಬೇಕಾದ ನಿಜ ಮುಗಿದಿತ್ತು, ಅವನು ಹೇಳಬೇಕಾದದ್ದು ಉಳಿದಿತ್ತು. “ಮಾವಾ, ಆ ಹುಕುಂ ಕನ್ನಡಕ್ಕೆ ಬರದಾವ ನಾನ. ಹದಿನೈದು ದಿನದಿಂದ ಗೊತ್ತಿತ್ತು. ಅಂಜಿ ಹೇಳಲಿಲ್ಲ,” ಎಂದು ಗಳಗಳ ಅತ್ತುಬಿಟ್ಟ.

ದೊಡ್ಡನಗೌಡ ಅಳಿಯನನ್ನು ನೋಡಿದ, ಮಗಳ ಹೊಟ್ಟೆ ನೋಡಿದ. ಕೊನೆಗೆ ಹಾರೆ ಹಿಡಿದವರಿಗೆ, “ಕೆಳಗ ನಡೀರಿ. ಮನಿ ಬಿಚ್ಚೋದು ಬಾಳ ಐತಿ,” ಎಂದ.

ಒಂದು ವರ್ಷ ಹಿಡಿಯಿತು. ತೊಲೆ, ಬಾಗಿಲು, ಬೀಸುಕಲ್ಲು, ಊರಮ್ಮನ ಕಲ್ಲು ಎಲ್ಲವನ್ನೂ ಹೊತ್ತು ಗುಡ್ಡ ಏರಿಸಿದರು. ಆಚೆ ದಂಡೆಯ ಊರಿಗೆ ಬೇರೆ ಅಧಿಕಾರಿಯೊಬ್ಬ ಬೇವಿನ ನೆರಳಲ್ಲಿ ಕೂತು, ಊರು ಮುಳುಗುವುದಿಲ್ಲ ಎಂಬ ಒಳ್ಳೆಯ ಮಾತನ್ನೇ ಹೇಳಿದ್ದ. ಅಲ್ಲಿ ನೀರು ನುಗ್ಗಿದಾಗ ನೆಲದೊಳಗಿನ ಹಗೇವಿನ ಜೋಳ ಹಗೇವಿನಲ್ಲೇ ಇತ್ತು, ತೊಟ್ಟಿಲ ಕೂಸುಗಳು ತೊಟ್ಟಿಲಲ್ಲೇ ಇದ್ದವು. ಅದನ್ನು ಊರವರು ಇವತ್ತಿಗೂ ದನಿ ಇಳಿಸಿ ಹೇಳುತ್ತಾರೆ. ಗಾದಿಲಿಂಗಪ್ಪನ ನೌಕರಿ ಆ ವಾರವೇ ಹೋಯಿತು. ಈರಮ್ಮ ಹದಿನೈದು ದಿನ, ಒಂದು ದಿನವೂ ಕಡಿಮೆಯಿಲ್ಲದಂತೆ, ಅವನ ಜೊತೆ ಮಾತು ಬಿಟ್ಟಳು. ಆಮೇಲೆ ಗುಡ್ಡದ ಮೇಲಿನ ಗುಡಿಸಲಲ್ಲಿ ಹೆಣ್ಣು ಹೆತ್ತಳು. ಕ್ರೇಗ್ ದೊರೆ ತನ್ನ ದೇಶಕ್ಕೆ ಹೋಗಿ ಮತ್ತೆ ಚುನಾವಣೆಗೆ ನಿಂತ. ನಮಗೆ ಸೇತುವೆ ಹಾಕಿಸುತ್ತೀಯಾ ಎಂದು ಜನ ಕೇಳಿದರಂತೆ. ಗೊತ್ತಿಲ್ಲ, ಪ್ರಯತ್ನ ಮಾಡುತ್ತೇನೆ ಎಂದನಂತೆ. ಕೆಟ್ಟದಾಗಿ ಸೋತ ಎನ್ನುತ್ತಾರೆ.

ಈಗಲೂ ಬಂಡೆಯ ಅಡಿ ಅವರಿಬ್ಬರು ಕೂತಿದ್ದ ಎರಡು ಚಪ್ಪಡಿಗಳಿವೆ. ಭಾನುವಾರ ಬರುವವರು ಗಲಾಟೆ ಮಾಡುತ್ತಾ ಒಳಗೆ ತೂರಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅಲ್ಲೇ ಬುಟ್ಟಿ ಇಟ್ಟುಕೊಂಡು ಶೇಂಗಾ ಮಾರುವ ಮುದುಕಿಗೆ ಅವರನ್ನು ಕಂಡರೆ ಒಂದು ಚೇಷ್ಟೆ. “ನಿಮ್ಮ ಹೆಸರೇನ್ರೀ?” ಎಂದು ಕೇಳುತ್ತಾಳೆ, ಅಷ್ಟೇ. ನಗುತ್ತಿದ್ದವರು ಸ್ವಂತ ಹೆಸರು ಹೇಳುವುದಕ್ಕೂ ಮೊದಲು ಒಂದು ಸಲ ಮೇಲೆ ನೋಡುತ್ತಾರೆ.