ಮಂತ್ರಿಗಳು ಚಿತ್ರಕ್ಕೆ ಕೂತದ್ದು

ರಾಷ್ಟ್ರೀಯ ಭಾವಚಿತ್ರ ಪ್ರಶಸ್ತಿಗೆ ಮೊದಲಿನಿಂದಲೂ ಒಂದು ಕಟ್ಟಳೆ. ಫೋಟೋ ನೋಡಿ ಬರೆದದ್ದು ನಡೆಯದು; ಆಸಾಮಿ ಖುದ್ದಾಗಿ ಕಲಾವಿದನ ಎದುರು ಕೂತಿರಬೇಕು. ಯಾವಾಗ, ಎಲ್ಲಿ ಕೂತಿದ್ದರೆಂದು ಬಹುಮಾನದ ದಿನ ಕಚೇರಿಯ ಗುಮಾಸ್ತ ವೇದಿಕೆ ಮೇಲೆ ನಿಂತು ಸಾರಬೇಕು.

ಆ ಗುಮಾಸ್ತನೋ, ಹಾರ ಹಾಕಲು ಬಂದವನನ್ನೂ ನೇಣಿಗೆ ಕತ್ತಿನ ಅಳತೆ ತೆಗೆಯಲು ಬಂದನೇನೋ ಎಂದು ನೋಡುವವನು. ಅಂಥವನಿಗೆ ಒಂದು ದಿನ ಪ್ರಶಸ್ತಿ ಸಮಿತಿಯ ಅಧ್ಯಕ್ಷ ನಂಜರಾಜಯ್ಯನವರು ತಾವಾಗಿ ಕಾಫಿ ತರಿಸಿಕೊಟ್ಟರು. ಅವನು ಲೋಟ ಮುಟ್ಟಲಿಲ್ಲ.

"ಈ ಸಲ ಬಹುಮಾನ ನಮ್ಮಳಿಯ ಬರೆದ ಮಂತ್ರಿಗಳ ಚಿತ್ರಕ್ಕೆ. ಜುಲೈ ತಿಂಗಳಿಡೀ ಅವರು ನಮ್ಮನೇಲಿ ಕೂತಿದ್ರು ಅಂತ ಸಾರಿಬಿಡು. ಆಗಲ್ಲ ಅಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

ಅದು ಫೋಟೋದ ನಕಲೆಂದು ಗುಮಾಸ್ತನಿಗೆ ಗೊತ್ತಿತ್ತು.

"ಆಗಲಿ ಸಾರ್. ಸಾರೋ ಮುಂಚೆ ಕೂತವರಿಗೂ ಒಂದು ಮಾತು ತಿಳಿಸೋದು ವಾಡಿಕೆ" ಎಂದು ಅಲ್ಲೇ ಮಂತ್ರಿಗಳಿಗೆ ಫೋನು ಹಚ್ಚಿದ.

"ಸ್ವಾಮಿ, ಜುಲೈ ತಿಂಗಳಿಡೀ ತಾವು ನಮ್ಮ ಅಧ್ಯಕ್ಷರ ಮನೇಲಿ ಚಿತ್ರಕ್ಕೆ ಕೂತಿದ್ರಿ ಅಂತ ಪತ್ರಿಕೆಯವರ ಮುಂದೆ ಹೇಳ್ತಾ ಇದೀನಿ."

ಮಂತ್ರಿಗಳ ಕೂಗು ಕೋಣೆಗೆಲ್ಲ ಕೇಳಿಸಿತು. "ಜುಲೈನಲ್ಲಾ? ಆಗ ನೆರೆ ಬಂದ ಊರುಗಳಲ್ಲಿ ದೋಣಿ ಮೇಲೆ ತಿರುಗ್ತಿದ್ದೆ ಅಂತ ಸದನದಲ್ಲಿ ಹೇಳಿದೀನಲ್ಲಯ್ಯಾ! ನಾನು ಯಾರ ಮನೇಲೂ ಕೂತಿಲ್ಲ. ಯಾವನಯ್ಯಾ ಹಾಗಂದವನು?"

ಗುಮಾಸ್ತ ವಿನಯದಿಂದ ಫೋನನ್ನು ಅಧ್ಯಕ್ಷರತ್ತ ಚಾಚಿದ. "ತಾವೇ ಹೇಳಿಬಿಡಿ ಸಾರ್."

ನಂಜರಾಜಯ್ಯನವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಪಿಸುಗುಟ್ಟಿದರು: "ಇಡಯ್ಯಾ ಫೋನು! ಆ ಚಿತ್ರ ವಾಪಸ್ ಕಳಿಸು. ನಮ್ಮಳಿಯ ಇನ್ನೂ ಕಲೀಬೇಕು."