ಮಗಳ ಮುಂದೆ ಆಡದ ಮಾತು

ಶಿಷ್ಯ ಮಾರಯ್ಯ ಕೇಳಿದ: "ಗುರುಗಳೇ, ತಂದೆ ಹಾಸಿಗೆ ಹಿಡಿದಿದ್ದಾರೆಂದು ಊರಿನಿಂದ ಸುದ್ದಿ ಬಂದಿದೆ. ನಾನು ಚಿಕ್ಕವನಿದ್ದಾಗ ಅವರು ನನ್ನನ್ನು ಹತ್ತಿರ ಕೂರಿಸಿಕೊಂಡು ಒಂದು ಮಾತು ಆಡಿದವರಲ್ಲ. ಅಂಥವರನ್ನು ನೋಡಲು ಹೋಗಲೇಬೇಕೇ?"

ಗುರು ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಹೀಗೆ ಹೇಳಿದರು:

ಒಬ್ಬ ದೊರೆ ಇದ್ದ. ಅವನಿಗೆ ಪ್ರಜೆಗಳ ಮೇಲೆ ನಂಬಿಕೆ ಇರಲಿಲ್ಲ. ದೊಡ್ಡವರು ಬಾಯಿ ಬಿಡುವುದಿಲ್ಲ, ಮಕ್ಕಳು ಬಿಡುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಅದಕ್ಕೇ ಪಾಠಶಾಲೆಗಳಲ್ಲಿ ದಿನಾ ಬೆಳಿಗ್ಗೆ ಮಕ್ಕಳನ್ನು ಒಂದು ಪ್ರಶ್ನೆ ಕೇಳಬೇಕೆಂದು ಕಟ್ಟಳೆ ಮಾಡಿದ: "ನಿನ್ನೆ ನಿಮ್ಮ ಮನೆಯಲ್ಲಿ ಏನು ಮಾತಾಡಿದರು?" ಹೇಳಿದ ಮಗುವಿಗೆ ಕಲ್ಲುಸಕ್ಕರೆ ಸಿಗುತ್ತಿತ್ತು.

ಒಬ್ಬ ಬಡಗಿ ದೊರೆಯ ಡಂಗುರ ಕೇಳಿ ನಕ್ಕ. ಅದನ್ನು ಅವನ ಮಗ ಪಾಠಶಾಲೆಯಲ್ಲಿ ಹೇಳಿದ. ಅಂದೇ ಬಡಗಿಯನ್ನು ಹಿಡಿದುಕೊಂಡು ಹೋದರು. ಅವನು ತಿರುಗಿ ಬರಲಿಲ್ಲ. ಮಗ ಕಲ್ಲುಸಕ್ಕರೆಯಲ್ಲಿ ಅರ್ಧ ಅಪ್ಪನಿಗೆಂದು ಉಳಿಸಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದ.

ಪಕ್ಕದ ಮನೆಯ ನೇಕಾರ ಇದನ್ನು ನೋಡಿದ. ಅವನಿಗೂ ಪಾಠಶಾಲೆಗೆ ಹೋಗುವ ಚಂದಲೆ ಎಂಬ ಮಗಳಿದ್ದಳು. ಅಂದಿನಿಂದ ಅವನೂ ಅವನ ಹೆಂಡತಿಯೂ ಮಗಳ ಮುಂದೆ ಮಾತು ನಿಲ್ಲಿಸಿದರು. ಏಳು, ಉಣ್ಣು, ಮಲಗು. ಅಷ್ಟೇ.

ಒಂದು ದಿನ ಚಂದಲೆ ಅಂಗಳದಲ್ಲಿದ್ದಾಗ ಒಳಗೆ ಅಪ್ಪ ಅಮ್ಮ ನಗುವುದು ಕೇಳಿಸಿತು. ಅವಳು ಆಸೆಯಿಂದ ಒಳಗೆ ಓಡಿದಳು. ನಗು ನಿಂತಿತು.

"ಯಾಕೆ ನಗ್ತಿದ್ರಿ?" ಎಂದು ಕೇಳಿದಳು.

"ನಾವು ನಗಲಿಲ್ಲ" ಎಂದ ಅಪ್ಪ.

ಅವಳು ಅಂಗಳಕ್ಕೆ ಹೋಗಿ ಕೂತಳು. ತಾನು ಒಳಗೆ ಬಂದರೆ ಇವರ ಸಂತೋಷ ನಿಲ್ಲುತ್ತದೆ ಎಂದು ತಿಳಿದಳು. ಆಮೇಲೆ ಅವಳೇ ಹೆಚ್ಚು ಹೊತ್ತು ಹೊರಗೆ ಇರತೊಡಗಿದಳು. ಹೊರಗೂ ಜೊತೆ ಇರಲಿಲ್ಲ. ಯಾವ ಮನೆಯವರೂ ಬೇರೆ ಮನೆಯ ಮಗುವನ್ನು ಒಳಗೆ ಬಿಡುತ್ತಿರಲಿಲ್ಲ. ಹೀಗೆಯೇ ದೊಡ್ಡವಳಾದಳು. ದೂರದ ಊರಿಗೆ ಮದುವೆಯಾಗಿ ಹೋದಳು. ತಾಯಿ ಸತ್ತಾಗ ಬಂದು, ಅಳದೆ ಹಿಂತಿರುಗಿದಳು.

ಕೊನೆಗೆ ದೊರೆ ಸತ್ತ. ಅವನ ಕಟ್ಟಳೆಗಳೂ ಹೋದವು. ಚಂದಲೆ ತವರಿಗೆ ಬಂದು ಅಪ್ಪನ ಎದುರು ನಿಂತಳು.

"ಈಗ ಕೇಳುವವರು ಯಾರೂ ಇಲ್ಲ. ಈಗಲಾದರೂ ಹೇಳಪ್ಪ. ನನಗೆ ಅಷ್ಟೊಂದು ಹೆದರಿದ್ರಾ? ನಾನೇನು ನಿಮ್ಮ ಶತ್ರುವೇ?"

ನೇಕಾರ ಹೇಳಿದ: "ಕೇಳಿದರೆ ಹೇಳಿಬಿಡುವ ವಯಸ್ಸು ಆಗ ನಿನ್ನದು. ನಮ್ಮನ್ನು ಒಯ್ದರೆ ಒಯ್ಯಲಿ ಅಂದುಕೊಂಡಿದ್ದೆವು. ಆದರೆ ಅಪ್ಪನನ್ನು ಹಿಡಿದುಕೊಟ್ಟವಳು ನಾನೇ ಅಂತ ನೀನು ಬದುಕಿಡೀ ಕೊರಗಬೇಕಾಗುತ್ತಿತ್ತಲ್ಲ ಮಗಳೇ, ಅದಕ್ಕೆ ಹೆದರಿದೆವು."

ಚಂದಲೆ ಅಪ್ಪನ ಪಕ್ಕದಲ್ಲಿ ಕೂತಳು. ಇನ್ನೂ ಏನಾದರೂ ಮಾತಾಡಬೇಕೆಂದು ಇಬ್ಬರಿಗೂ ಅನಿಸಿತು. ಇಬ್ಬರಿಗೂ ರೂಢಿ ಇರಲಿಲ್ಲ. ಸಂಜೆಯವರೆಗೆ ಹಾಗೆಯೇ ಕೂತಿದ್ದರು.

ಗುರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಮಾರಯ್ಯ ತಲೆ ತಗ್ಗಿಸಿ ಹೇಳಿದ: "ನಮ್ಮ ಪಾಠಶಾಲೆಯಲ್ಲೂ ಹಾಗೆ ಕೇಳುತ್ತಿದ್ದರು, ಗುರುಗಳೇ. ಹೇಳಲು ನನ್ನ ಹತ್ತಿರ ಯಾವತ್ತೂ ಏನೂ ಇರುತ್ತಿರಲಿಲ್ಲ."

"ಏನೂ ಇರದಂತೆ ನೋಡಿಕೊಂಡವರು ಈಗ ಹಾಸಿಗೆ ಹಿಡಿದಿದ್ದಾರೆ" ಎಂದರು ಗುರು.