ಸಣ್ಣತಾಯಮ್ಮ ಮನೆ ತೋರಿಸಿದ್ದು

ಹೆಂಡತಿ ತೀರಿಕೊಂಡ ಮೇಲೆ ಕಂಟ್ರಾಕ್ಟರ್ ಚನ್ನವೀರಯ್ಯ ಮನೆ ಮಾರಲು ಹೊರಟರು. ಊರಲ್ಲಿ ಮನೆ ಕೊಳ್ಳುವವರೇ ಕಡಿಮೆಯಾಗಿದ್ದ ಕಾಲ. ಇವರು ಮಾತ್ರ ಪಕ್ಕದ ಮನೆ ಮಾರಿಹೋದ ಬೆಲೆಯ ಎರಡರಷ್ಟು ಹಿಡಿದು ಕೂತಿದ್ದರು. ಬಂದವರೆಲ್ಲ ನೋಡಿ, ತಲೆದೂಗಿ, ಹೋಗಿಬಿಡುತ್ತಿದ್ದರು.

ಕೊನೆಗೆ, ಬಂದವರಿಗೆ ಮನೆ ತೋರಿಸುತ್ತಿದ್ದ ಅಡುಗೆಯ ಸಣ್ಣತಾಯಮ್ಮನ ಮೇಲೆ ಹರಿಹಾಯ್ದರು. “ನಿನಗೆ ಮನೆ ತೋರಿಸೋಕೇ ಬರಲ್ಲ. ಇನ್ನೊಬ್ಬರು ಹೀಗೇ ಹೋದರೆ ನೀನೂ ಹೊರಡು!”

ಆಕೆ ಸೆರಗಿಗೆ ಕೈ ಒರೆಸಿಕೊಂಡಳು. “ನೀವೇ ಕೊಳ್ಳೋರ ಥರ ಬನ್ನಿ, ಯಜಮಾನ್ರೇ. ನೀವು ಹೇಳಿಕೊಟ್ಟ ಹಾಗೇ ತೋರಿಸ್ತೀನಿ.”

ಬಾಗಿಲಿನಿಂದಲೇ ಶುರುಮಾಡಿದಳು. “ಇದು ಅಮ್ಮಾವ್ರು ರಂಗೋಲಿ ಬಿಡ್ತಿದ್ದ ಅಂಗಳ. ಇದು ಅವರು ಹೂ ಕಟ್ತಾ ಕೂರ್ತಿದ್ದ ಜಗಲಿ. ಇದು ಯಜಮಾನ್ರು ಬರೋ ಹಾದಿ ನೋಡ್ತಾ ನಿಲ್ತಿದ್ದ ಕಿಟಕಿ.”

“ಸರಿಯಾಗೇ ಇದೆಯಲ್ಲ,” ಎಂದರು ಚನ್ನವೀರಯ್ಯ. ದನಿಯಲ್ಲಿ ಮೊದಲಿನ ಗತ್ತಿರಲಿಲ್ಲ.

“ಇಷ್ಟು ಕೇಳಿ ಎಲ್ಲರೂ ‘ಆ ಅಮ್ಮ ಎಲ್ಲಿ?’ ಅಂತಾರೆ. ತೀರಿಕೊಂಡರು ಅಂತೀನಿ. ‘ಹಾಗಾದ್ರೆ ಬರೀ ಮನೆಗೆ ಎಷ್ಟು?’ ಅಂತಾರೆ. ಅದೊಂದನ್ನ ನೀವು ನನಗೆ ಹೇಳಿಕೊಟ್ಟಿಲ್ಲ.”

ಚನ್ನವೀರಯ್ಯ ಆ ಕಿಟಕಿಯ ಹತ್ತಿರ ಹೋಗಿ ನಿಂತರು. ಇತ್ತ ತಿರುಗದೆಯೇ ಹೇಳಿದರು:

“ಪಕ್ಕದ ಮನೆಗೆ ಎಷ್ಟೋ, ಅಷ್ಟೇ ಅನ್ನು.”